ಆಕ್ಲೆಂಡಿನ ಆರ್, ವಿಯೆನ್ನಾದ ಉಗ್ರಾಣ

ಲಿನಕ್ಸ್‌ನಲ್ಲಿ 'ಆರ್' ಭಾಷೆಯ ಪ್ಯಾಕೇಜ್ ಹಾಕಿಕೊಳ್ಳೋಕೆ ಹೊರಟವರಿಗೆ ಇದು ಗೊತ್ತಿರುತ್ತೆ. ಒಂದು ಸಾಲು ಟೈಪ್ ಮಾಡ್ತೀರಿ, ಪರದೆ ತುಂಬ ಕಂಪೈಲರ್‌ನ ಗೊಣಗಾಟ, ಕೊನೆಗೆ ಯಾವುದೋ ಲೈಬ್ರರಿ ಇಲ್ಲ ಅಂತ ಎಲ್ಲ ನಿಂತುಬಿಡುತ್ತೆ. ವಿಂಡೋಸ್‌ನಲ್ಲಿ ಅದೇ ಕೆಲಸ ಸಾಮಾನ್ಯವಾಗಿ ಸಲೀಸು. ಯಾಕೆ ಹೀಗೆ? ಸ್ವಲ್ಪ ಹಿಂದಕ್ಕೆ ಹೋಗಬೇಕು.

1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 'ಎಸ್' ಎಂಬ ಸಂಖ್ಯಾಶಾಸ್ತ್ರದ ಭಾಷೆ ಕಟ್ಟಲು ಶುರುಮಾಡಿದರು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅದೇ ಜಾಡಿನಲ್ಲಿ 'ಆರ್' ಬರೆದರು. ಇಬ್ಬರ ಹೆಸರೂ ಶುರುವಾಗೋದು ಅದೇ ಅಕ್ಷರದಿಂದ. 1995ರಲ್ಲಿ ಅದರ ಸೋರ್ಸ್ ಕೋಡ್ ಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಸಿಕ್ಕಿತು. 1997ರಲ್ಲಿ ವಿಯೆನ್ನಾದ ಕರ್ಟ್ ಹಾರ್ನಿಕ್ ಮತ್ತು ಫ್ರೆಡ್ರಿಕ್ ಲೈಶ್ 'ಕ್ರಾನ್' ಎಂಬ ಉಗ್ರಾಣ ತೆರೆದರು. ಆಗ ಅಲ್ಲಿದ್ದದ್ದು 12 ಪ್ಯಾಕೇಜ್. ಈಗ 20,000ಕ್ಕೂ ಹೆಚ್ಚು.

ಕ್ರಾನ್ ವಿಂಡೋಸ್‌ಗೆ, ಮ್ಯಾಕ್‌ಗೆ ಅಡುಗೆ ಮಾಡಿಯೇ ಬಡಿಸುತ್ತೆ. ಲಿನಕ್ಸ್‌ಗೆ ಮಾತ್ರ ದಿನಸಿ ಕೊಟ್ಟು ಕಳಿಸುತ್ತೆ. ಲಿನಕ್ಸ್ ಅನ್ನೋದು ಒಂದೇ ಮನೆಯಲ್ಲ ನೋಡಿ. ಡೆಬಿಯನ್, ಫೆಡೋರಾ ಹೀಗೆ ಒಂದೊಂದರಲ್ಲೂ ಲೈಬ್ರರಿಗಳ ಆವೃತ್ತಿ ಬೇರೆ.

ಡೆಬಿಯನ್‌ನವರು ಇದಕ್ಕೊಂದು ದಾರಿ ಮಾಡಿದರು. ನೂರಾರು ಆರ್ ಪ್ಯಾಕೇಜುಗಳನ್ನು ತಾವೇ ಕಂಪೈಲ್ ಮಾಡಿ, ಬೇಕಾದ ಲೈಬ್ರರಿಗಳ ಸಮೇತ 'ಆಪ್ಟ್' ಮೂಲಕ ಕೊಡ್ತಾರೆ. ಆದರೆ ಸ್ಥಿರ ಆವೃತ್ತಿ ಬಂದ ಮೇಲೆ ಅವು ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತವೆ. 2019ರ ಡೆಬಿಯನ್ 10ರಲ್ಲಿದ್ದದ್ದು ಆರ್ 3.5.2. 2020ರ ಏಪ್ರಿಲ್‌ನಲ್ಲಿ ಆರ್ 4.0.0 ಬಂತು, ಹಳೆಯ ಪ್ಯಾಕೇಜುಗಳನ್ನೆಲ್ಲ ಮತ್ತೆ ಹಾಕಿಕೊಳ್ಳಬೇಕಾಯಿತು. ನಾಲ್ಕರ ಸಾಲಿನ ಆರ್ ಇದ್ದ ಡೆಬಿಯನ್ 11 ಬಂದಿದ್ದು 2021ರ ಆಗಸ್ಟ್‌ನಲ್ಲಿ.

'ಹದಿನಾರು ತಿಂಗಳಾ?' ಅಂತ ಮೂಗು ಮುರೀಬೇಡಿ. ಅಪ್‌ಡೇಟ್ ಅಂದರೆ ಬರೀ ಹೊಸ ಸೌಲಭ್ಯ ಅಲ್ಲ, ಉತ್ತರವೇ ಬದಲಾಗಬಹುದು. 2019ರಲ್ಲಿ ಬಂದ ಆರ್ 3.6.0 ಯಾದೃಚ್ಛಿಕ ಮಾದರಿ ಆರಿಸುವ ವಿಧಾನವನ್ನು ತಿದ್ದಿತು. ಹಳೆಯದರಲ್ಲಿ ದೋಷ ಇತ್ತು, ತಿದ್ದಿದ್ದು ಸರಿಯೇ. ಆದರೆ ಅದೇ ಸ್ಕ್ರಿಪ್ಟ್, ಅದೇ ಸೀಡ್ ಕೊಟ್ಟರೂ ಬೇರೆ ಮಾದರಿ ಬರತೊಡಗಿತು. 4.0.0 ಬಂದಾಗ ಅಕ್ಷರಗಳ ಕಾಲಂ ತಾನಾಗಿ 'ಫ್ಯಾಕ್ಟರ್' ಆಗೋದು ನಿಂತಿತು. ಅದನ್ನೇ ನಂಬಿದ್ದ ಕೋಡ್‌ಗಳು ಕೆಟ್ಟವು.

ಹಳೆಯ ಆವೃತ್ತಿಗಳನ್ನು ದಿನದ ಲೆಕ್ಕದಲ್ಲಿ ಕಾಪಿಟ್ಟ ಎಂರಾನ್ ಎಂಬ ಸೇವೆಯೊಂದಿತ್ತು. ಮೈಕ್ರೋಸಾಫ್ಟ್ ಅದನ್ನು 2023ರಲ್ಲಿ ಮುಚ್ಚಿತು. ಅದನ್ನೇ ನೆಚ್ಚಿಕೊಂಡಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಹಾಗಾಗಿ ಆಪ್ಟ್‌ನಲ್ಲಿ ಸಿಗೋದನ್ನು ಅಲ್ಲಿಂದಲೇ ತಗೊಳ್ಳಿ, ಉಳಿದದ್ದನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ವರದಿ ಕಳಿಸುವಾಗ ಆರ್ ಮತ್ತು ಪ್ಯಾಕೇಜುಗಳ ಆವೃತ್ತಿ ಸಂಖ್ಯೆ ಬರೆದಿಡಿ. ಎರಡು ವರ್ಷದ ಮೇಲೆ 'ಈ ಅಂಕಿ ಎಲ್ಲಿಂದ ಬಂತು?' ಅಂತ ಯಾರಾದರೂ ಕೇಳೇ ಕೇಳ್ತಾರೆ.