ಹಳಿಯ ಮೇಲೆ ಬಂದ ಚಿತ್ರಪಟ

ವಿಶಾಖದತ್ತನ ಮುದ್ರಾರಾಕ್ಷಸವನ್ನು ಓದಿದವರು ನಿಪುಣಕನನ್ನು ಮರೆಯಲಾರರು. ಚಾಣಕ್ಯನ ಚಾರನಾದ ಈತನು ಯಮಪಟವನ್ನು ಹಿಡಿದು ಹಾಡುತ್ತ ಮನೆಮನೆಗೆ ಹೋಗುವನು. ಚಂದನದಾಸನ ಮನೆಯಲ್ಲಿ ಅವನು ಪಟವನ್ನು ಬಿಚ್ಚಿದಾಗ ನೋಡುವ ಆಸೆಯಿಂದ ಮಗುವೊಂದು ಹೊರಗೆ ಬರುವುದು. ಅದನ್ನು ಒಳಗೆಳೆದುಕೊಳ್ಳುವ ಹೆಂಗಸಿನ ಬೆರಳಿನಿಂದ ರಾಕ್ಷಸನ ಮುದ್ರೆಯುಂಗುರವು ಜಾರಿ ಬೀಳುವುದು. ಊರೂರು ತಿರುಗುವ ಚಿತ್ರಕ್ಕೂ ರಾಜ್ಯತಂತ್ರಕ್ಕೂ ಇರುವ ನಂಟು ಅಷ್ಟು ಹಳೆಯದು. ಅದೇ ಪಟವನ್ನು ಸರಕಾರವೊಂದು ಉಗಿಬಂಡಿಯಲ್ಲಿ ಹೇರಿಕೊಂಡು ಹಳ್ಳಿಗರ ಬಳಿಗೆ ಹೋದ ಕಥೆಯು ರಷ್ಯಾದೇಶದ್ದು.

1917ರ ಕ್ರಾಂತಿಯಿಂದ ಬೋಲ್ಷೆವಿಕರಿಗೆ ರಾಜಧಾನಿಗಳು ದೊರೆತುವು. ಹಳ್ಳಿಗಳ ಮನಸ್ಸು ದೊರೆಯಲಿಲ್ಲ. ಪ್ರಜೆಗಳಲ್ಲಿ ಬಹುಪಾಲು ರೈತರು. ಅವರಲ್ಲಿ ಅಕ್ಷರ ಬಲ್ಲವರು ಕಡಮೆ. ಅಂತರ್ಯುದ್ಧವು ಬೇರೆ ಹೊತ್ತಿಕೊಂಡಿತ್ತು. ಸೈನ್ಯಕ್ಕೂ ಪಟ್ಟಣಗಳಿಗೂ ಬೇಕಾದ ಧಾನ್ಯವನ್ನು ರೈತನಿಂದ ಬಲಾತ್ಕಾರವಾಗಿ ವಸೂಲು ಮಾಡುತ್ತಿದ್ದ ಸರಕಾರಕ್ಕೆ ಅದೇ ರೈತನ ಒಲವೂ ಬೇಕಾಗಿತ್ತು. ಈ ಇಕ್ಕಟ್ಟಿನಲ್ಲಿ ಹುಟ್ಟಿದುದೇ ಪ್ರಚಾರದ ರೈಲು. ಲೆನಿನನ ಹೆಸರನ್ನು ಹೊತ್ತ ಮೊದಲನೆಯದು 1918ರ ಆಗಸ್ಟಿನಲ್ಲಿ ಮಾಸ್ಕೋವಿನಿಂದ ಕಜಾನಿನ ಕಡೆಗೆ ಹೊರಟಿತು. 1919ರಲ್ಲಿ ‘ಅಕ್ಟೋಬರ್ ಕ್ರಾಂತಿ’ ಎಂಬ ರೈಲು ಹೊರಟಿತು. ಅದರಲ್ಲಿ ರಾಷ್ಟ್ರದ ಅಗ್ರಪೀಠದಲ್ಲಿದ್ದ ಕಲಿನಿನನೇ ಪ್ರಯಾಣ ಮಾಡಿದನು. ಅವನು ರೈತರ ಮನೆಯಲ್ಲಿ ಹುಟ್ಟಿದವನಾದುದರಿಂದ ಆ ಆಯ್ಕೆಯು ಜಾಣತನದ್ದೇ ಸರಿ.

ಈ ರೈಲುಗಳಲ್ಲಿ ಅಚ್ಚಿನ ಯಂತ್ರವೂ ಪುಸ್ತಕದ ಅಂಗಡಿಯೂ ಚಲಚ್ಚಿತ್ರ ತೋರಿಸುವ ಸಾಧನಗಳೂ ಇದ್ದುವು. ಗಾಡಿಗಳ ಹೊರಮೈಗೆಲ್ಲ ಬಣ್ಣದ ಚಿತ್ರಗಳು. ಮೊದಮೊದಲು ಅವುಗಳನ್ನು ಬರೆದವರು ನವೀನಪಂಥದ ಚಿತ್ರಕಾರರು. ರೈತರಿಗೆ ಅವುಗಳ ತಲೆಬುಡ ತಿಳಿಯಲಿಲ್ಲ. ಮುಂದೆ ಕುದುರೆಯು ಕುದುರೆಯಂತೆಯೇ ಕಾಣುವ ಚಿತ್ರಗಳನ್ನು ಬರೆಯಿಸಬೇಕಾಯಿತು. ಪಂಡಿತರ ಅಭಿರುಚಿಯನ್ನು ಪಾಮರರು ತಿದ್ದಿದ ಉದಾಹರಣೆಗಳಲ್ಲಿ ಇದೊಂದು. ಹಳಿಯಿಲ್ಲದ ಕಡೆಗೆ ಹಡಗು ಹೋಯಿತು: 1919ರ ಬೇಸಗೆಯಲ್ಲಿ ‘ಕೆಂಪು ನಕ್ಷತ್ರ’ವೆಂಬ ಉಗಿಹಡಗು ವೋಲ್ಗಾ ಮತ್ತು ಕಾಮಾ ನದಿಗಳಲ್ಲಿ ಸಂಚರಿಸಿತು. ಅದರ ಹಿಂದೆ ಕಟ್ಟಿದ ದೋಣಿಯೇ ಚಿತ್ರಮಂದಿರ. ಲೆನಿನನ ಪತ್ನಿ ಕ್ರುಪ್‌ಸ್ಕಾಯಾ ಅದರಲ್ಲಿದ್ದಳು.

ಆಗಿನ ಚಿತ್ರಗಳು ಮೂಕಚಿತ್ರಗಳು. ಪ್ರಚಾರಕ್ಕೆಂದೇ ತೆಗೆದ ಕಿರುಚಿತ್ರಗಳಿಗೆ ‘ಅಗಿತ್ಕಿ’ ಎಂದು ಹೆಸರು. ತೆರೆಯ ಮೇಲಿನ ಬರಹವನ್ನು ಓದಲಾರದ ಸಭೆಗೆ ಭಾಷಣಕಾರನು ಅರ್ಥ ಹೇಳಬೇಕಾಗಿತ್ತು. ನಮ್ಮ ಕಡೆಯ ಪುರಾಣವಾಚನದಲ್ಲಿ ಓದುವವನಿಗಿಂತ ಅರ್ಥ ಹೇಳುವವನಿಗೇ ಸಭೆಯು ಹೆಚ್ಚಾಗಿ ಕಿವಿಗೊಡುವುದಿಲ್ಲವೆ? ಇಲ್ಲಿಯೂ ಚಿತ್ರವು ಜನರನ್ನು ಕೂಡಿಸಿತು. ಕೂಡಿದವರಿಗೆ ರಾಜಕಾರಣವನ್ನು ಮಾತು ತಲಪಿಸಿತು.

ಇಲ್ಲಿಯವರೆಗೆ ಹಳ್ಳಿಗರು ನೋಡುವವರು ಮಾತ್ರ. ಅಲೆಕ್ಸಾಂಡರ್ ಮೆದ್ವೆದ್ಕಿನ್ ಎಂಬ ಉತ್ಸಾಹಿಯು ಅವರನ್ನೇ ಚಿತ್ರದೊಳಕ್ಕೆ ಎಳೆದನು. 1932ರ ಜನವರಿ 25ರಂದು ಅವನ ಚಿತ್ರರೈಲು ಮಾಸ್ಕೋವನ್ನು ಬಿಟ್ಟಿತು. ಚಿತ್ರ ತೆಗೆಯುವವರು, ಸುರುಳಿ ತೊಳೆಯುವ ಕೋಣೆ, ಜೋಡಿಸುವ ಮೇಜು, ತೋರಿಸುವ ಯಂತ್ರ, ಎಲ್ಲವೂ ಗಾಡಿಯಲ್ಲಿಯೇ. ಇಂದು ತೆಗೆದುದನ್ನು ನಾಳೆ ತೋರಿಸುವುದು ಅವರ ವ್ರತ. ಮೊದಲ ವರ್ಷದಲ್ಲಿಯೇ ಸುಮಾರು 70 ಕಿರುಚಿತ್ರಗಳು ಸಿದ್ಧವಾದುವು. ಗಣಿಯಲ್ಲಿ ಕೆಲಸ ಕೆಟ್ಟರೆ ಕೆಡಿಸಿದವರಾರು, ವಸತಿಯು ಹೊಲಸಾಗಿದ್ದರೆ ಹೊಣೆಯಾರದು ಎಂಬುದನ್ನು ಆ ಊರಿನವರ ಮುಂದೆಯೇ ತೆರೆಯಲ್ಲಿ ತೋರಿಸಿ ಅಲ್ಲಿಯೇ ಚರ್ಚೆಗೆ ಹಚ್ಚುತ್ತಿದ್ದರು. ಮೆದ್ವೆದ್ಕಿನನ ಶ್ರದ್ಧೆಯಲ್ಲಿ ಕಪಟವಿರಲಿಲ್ಲ. ಕೆಲವು ಕಡೆಗಳಲ್ಲಿ ಕೆಲಸವು ನೆಟ್ಟಗಾದುದೂ ಉಂಟು.

ಆದರೆ ಆ ವರ್ಷವು ಎಂತಹುದು! ರೈಲು ಉಕ್ರೇನಿನ ಸಾಮೂಹಿಕ ಬೇಸಾಯದ ಹೊಲಗಳಿಗೂ ಹೋಗಿತ್ತು. 1932ರ ಆಗಸ್ಟ್ 7ರ ಶಾಸನದಂತೆ ಸಾಮೂಹಿಕ ಹೊಲದ ಧಾನ್ಯವನ್ನು ಕದ್ದವನಿಗೆ ಮರಣದಂಡನೆ. ಕನಿಕರಕ್ಕೆ ಕಾರಣವಿದ್ದರೆ ಹತ್ತು ವರ್ಷಗಳ ಸೆರೆ. ಸರಕಾರದ ವಸೂಲಿಯು ಬಿತ್ತನೆಯ ಬೀಜವನ್ನೂ ಬಿಡಲಿಲ್ಲ. 1932–33ರ ಕ್ಷಾಮದಲ್ಲಿ ಉಕ್ರೇನೊಂದರಲ್ಲಿಯೇ ಮೂವತ್ತು ಲಕ್ಷಕ್ಕೂ ಮಿಕ್ಕ ಜನರು ಸತ್ತರು. ಅಂತಹ ನಾಡಿನಲ್ಲಿ ‘ಇವನು ಸೋಮಾರಿ, ಇವನು ಕಾಳನ್ನು ಪೋಲುಮಾಡಿದವನು’ ಎಂದು ಒಬ್ಬನ ಮುಖವನ್ನು ತೆರೆಯಲ್ಲಿ ತೋರಿಸುವುದು ಬರಿಯ ಬುದ್ಧಿವಾದವಾಗಲಾರದು. ನಿಪುಣಕನ ಪಟದಲ್ಲಿ ಯಮನ ಚಿತ್ರವಾದರೂ ಎಲ್ಲರಿಗೂ ಕಾಣುವಂತೆ ಇತ್ತು.

ಮೆದ್ವೆದ್ಕಿನನು 1989ರವರೆಗೆ ಬದುಕಿದನು. ಪಕ್ಷದ ಮೇಲಣ ಅವನ ನಂಬಿಕೆಯು ಕಡೆಯವರೆಗೂ ಅಳಿಯಲಿಲ್ಲ. ರೈಲಿನಲ್ಲಿ ತೆಗೆದ ಸುರುಳಿಗಳು ಹಾಳಾದುವೆಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. ಬಳಿಕ ದೊರೆತವುಗಳಲ್ಲಿ ಕೆಲವು ಭಾಗಗಳನ್ನು ಫ್ರಾನ್ಸಿನ ಕ್ರಿಸ್ ಮಾರ್ಕರನು ಮೆದ್ವೆದ್ಕಿನನನ್ನು ಕುರಿತು 1992ರಲ್ಲಿ ತೆಗೆದ ಚಿತ್ರದಲ್ಲಿ ಸೇರಿಸಿದನು.