ಹಲಗೆಯ ಸುವಿಚಾರ ಮತ್ತು ಮೊಬೈಲಿನ ಸುವಿಚಾರ



ಹೋದ ವಾರ ಪರಿಪಾಠ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು ನಿಂತಳು. ಆ ದಿನ ಹಲಗೆಯ ಮೇಲೆ ಸುವಿಚಾರ ಬರೆಯುವ ಪಾಳಿ ಅವಳದೇ ಇತ್ತು. ಆತ್ಮವಿಶ್ವಾಸದ ಬಗ್ಗೆ ಒಂದು ಸಾಲು ಬರೆದಿದ್ದಳು. ಎಲ್ಲಿಂದ ತಂದಿ ಎಂದು ಕೇಳಿದೆ. ಅಣ್ಣನ ಮೊಬೈಲಿನಲ್ಲಿ ಒಂದು ಆ್ಯಪ್ ಇದೆಯಂತೆ. ದಿನಾ ಮುಂಜಾನೆ ಆರಕ್ಕೆ ಒಂದು ಸಾಲು ಕಳಿಸುತ್ತದಂತೆ. ನಾನು ಬುದ್ಧಿವಂತಳು, ನಾನು ಗೆಲ್ಲುವವಳು… ಹೀಗೆ. ಅದನ್ನು ಹತ್ತು ಸಲ ಹೇಳಿಕೊಳ್ಳಬೇಕು.

"ಸರ, ಒಂದು ತಿಂಗಳಾತ್ರಿ ಹೇಳಾಕತ್ತು. ಗಣಿತ ಮಾತ್ರ ಬರವಲ್ದು. ಹೇಳಿದಷ್ಟೂ ನನಗೇನೂ ಬರಂಗಿಲ್ಲ ಅಂತನ ಅನಸ್ತದ್ರಿ. ಆ್ಯಪ್ ಛಲೋ ಅದೋ ಇಲ್ಲೋ, ನೀವೇ ಹೇಳ್ರಿ."

ನಾನು ಇತಿಹಾಸದ ಮಾಸ್ತರ. ಆ್ಯಪಿನ ಪರೀಕ್ಷೆ ಮಾಡುವ ವಿದ್ಯೆ ನನಗೆಲ್ಲಿಂದ ಬರಬೇಕು? "ನಾಳೆ ಹೇಳ್ತೀನಿ ತಗೋವಾ" ಎಂದು ಕಳಿಸಿದೆ. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಆ್ಯಪ್ ಹೊಸದಿರಬಹುದು, ದಿನಾ ಒಂದು ಒಳ್ಳೆಯ ಮಾತು ಹೇಳಿಕೊಳ್ಳುವುದು ಹೊಸದೇನಲ್ಲವಲ್ಲ. ಅದರ ಇತಿಹಾಸ ಕೆದಕಿದರೆ ಉತ್ತರ ಸಿಕ್ಕೀತು ಎನಿಸಿತು.

ನಮ್ಮ ಪರಿಪಾಠದಿಂದಲೇ ಶುರು ಮಾಡೋಣ. ದಿನಾ ಮಕ್ಕಳು ಕೈ ಮುಂದೆ ಚಾಚಿ ಪ್ರತಿಜ್ಞೆ ಹೇಳುತ್ತಾರೆ. ಅದನ್ನು ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. 1962ರಲ್ಲಿ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದರು. 1964ರಲ್ಲಿ ಬೆಂಗಳೂರಿನಲ್ಲಿ ಕೂಡಿದ ಕೇಂದ್ರ ಶಿಕ್ಷಣ ಸಲಹಾ ಮಂಡಳಿಯ ಸಭೆಯ ನಂತರ, 1965ರ ಜನವರಿ 26ರಿಂದ ದೇಶದ ಶಾಲೆಗಳಲ್ಲಿ ಅದು ರೂಢಿಗೆ ಬಂತು. 1967ರಲ್ಲಿ ಪುಣೆಯಲ್ಲಿ ಹುಟ್ಟಿದ ಬಾಲಭಾರತಿ ನಮಗೆ ಕನ್ನಡದಲ್ಲಿ ಅಚ್ಚು ಹಾಕಿಕೊಡುವ ಪುಸ್ತಕಗಳಲ್ಲೂ ಅದು ಇದೆ. 2020ರ ಜನವರಿ 26ರಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಸಂವಿಧಾನದ ಪ್ರಸ್ತಾವನೆಯ ಓದೂ ಸೇರಿತು.

ಇವೆರಡನ್ನೂ ದಿನಾ ಹೇಳಿಸುತ್ತೇವೆ, ಆದರೆ ಎಂದಾದರೂ ಗಮನಿಸಿದ್ದೇವೆಯೇ? ಅವುಗಳಲ್ಲಿ 'ನಾನು ದೊಡ್ಡವನು' ಎಂಬ ಮಾತೇ ಇಲ್ಲ. ದೇಶವನ್ನು ಪ್ರೀತಿಸುತ್ತೇನೆ, ಹಿರಿಯರನ್ನು ಗೌರವಿಸುತ್ತೇನೆ, ಯೋಗ್ಯನಾಗಲು ಪ್ರಯತ್ನ ಮಾಡುತ್ತೇನೆ ಎಂಬ ಅರ್ಥದ ಮಾತುಗಳಿವೆ. ಅಂದರೆ ನಾನು ಏನು ಎನ್ನುವುದಕ್ಕಿಂತ ಏನು ಮಾಡುತ್ತೇನೆ ಎನ್ನುವುದು ಮುಖ್ಯ. ಪ್ರಸ್ತಾವನೆಯಂತೂ 'ನಾವು' ಎಂದೇ ಶುರುವಾಗುತ್ತದೆ. ಮತ್ತು ಎರಡನ್ನೂ ಇಡೀ ಶಾಲೆ ಒಟ್ಟಿಗೆ ನಿಂತು ಹೇಳುತ್ತದೆ.

ಹಾಗಾದರೆ ಒಬ್ಬರೇ ಕೂತು 'ನಾನು ಹೀಗಿದ್ದೇನೆ' ಎಂದು ಎಣಿಸಿ ಹೇಳಿಕೊಳ್ಳುವ ಪದ್ಧತಿ ಎಲ್ಲಿಂದ ಬಂತು? ಇದರ ಒಂದು ಮುಖ್ಯ ಬೇರು ಫ್ರಾನ್ಸಿನಲ್ಲಿದೆ. ಎಮಿಲ್ ಕುಯೆ (1857–1926) ಎಂಬಾತ ಮೊದಲು ಟ್ರ್ವಾ ಎಂಬ ಊರಿನಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದ. ಔಷಧ ಕೊಡುವಾಗ "ಇದು ಬಹಳ ಒಳ್ಳೆಯದು" ಎಂದು ಹೊಗಳಿ ಕೊಟ್ಟರೆ ಗುಣ ಹೆಚ್ಚು ಕಾಣುತ್ತದೆ ಎಂಬುದು ಅವನ ಗಮನಕ್ಕೆ ಬಂತು. ಆಮೇಲೆ ನಾನ್ಸಿ ಎಂಬ ಊರಿಗೆ ಹೋಗಿ ಜನರಿಗೆ ಪುಕ್ಕಟೆಯಾಗಿ ಸ್ವಸೂಚನೆ ಕಲಿಸತೊಡಗಿದ. ದಿನದಿಂದ ದಿನಕ್ಕೆ ಎಲ್ಲ ರೀತಿಯಲ್ಲೂ ಸುಧಾರಿಸುತ್ತಿದ್ದೇನೆ ಎಂದು ಮುಂಜಾನೆ ಏಳುವಾಗ, ರಾತ್ರಿ ಮಲಗುವಾಗ ಇಪ್ಪತ್ತಿಪ್ಪತ್ತು ಸಲ ಹೇಳಿಕೊಳ್ಳಿ ಎನ್ನುತ್ತಿದ್ದ. ಎಣಿಕೆ ತಪ್ಪದಿರಲು ಇಪ್ಪತ್ತು ಗಂಟು ಹಾಕಿದ ದಾರ! ನಮ್ಮ ಅಜ್ಜಿಯರ ಜಪಮಾಲೆ ನೆನಪಾಗುತ್ತದೆ, ಅಲ್ಲವೇ? 1920ರ ದಶಕದಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲೂ ಅವನ ಹೆಸರು ಮನೆಮಾತಾಯಿತು. ಇಂದಿನ ಆ್ಯಪುಗಳು ಆ ದಾರದ ಮೊಮ್ಮಕ್ಕಳು ಎನ್ನಬಹುದು.

ಆದರೆ ಕುಯೆ ಇನ್ನೊಂದು ಮಾತನ್ನೂ ಹೇಳಿದ್ದ. ಮನುಷ್ಯನ ಇಚ್ಛೆಗೂ ಕಲ್ಪನೆಗೂ ಜಗಳ ಬಿದ್ದರೆ ಗೆಲ್ಲುವುದು ಕಲ್ಪನೆಯೇ. ಈ ಮಾತು ಓದಿದಾಗ ನಮ್ಮ ಹುಡುಗಿ ಕಣ್ಣ ಮುಂದೆ ಬಂದಳು. ಬಾಯಿ 'ನಾನು ಬುದ್ಧಿವಂತಳು' ಎನ್ನುತ್ತದೆ, ಒಳಗಿನದು 'ಸುಳ್ಳು' ಎನ್ನುತ್ತದೆ. ಗೆಲ್ಲುವುದು ಯಾವುದು?

ಇದು ಬರೀ ಊಹೆಯಲ್ಲ. 2009ರಲ್ಲಿ ಕೆನಡಾದ ಜೋನ್ ವುಡ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಗಂಟೆ ಬಾರಿಸಿದಾಗಲೆಲ್ಲ 'ನಾನು ಪ್ರೀತಿಗೆ ಯೋಗ್ಯ' ಎಂಬ ಅರ್ಥದ ಮಾತು ಹೇಳಿಕೊಳ್ಳಲು ತಿಳಿಸಿದರು. ಮೊದಲೇ ತಮ್ಮ ಬಗ್ಗೆ ಒಳ್ಳೆಯ ಭಾವನೆ ಇದ್ದವರಿಗೆ ಸ್ವಲ್ಪ ಹಿತವೆನಿಸಿತು. ತಮ್ಮ ಬಗ್ಗೆ ಕೀಳರಿಮೆ ಇದ್ದವರಿಗೆ ಮೊದಲಿಗಿಂತ ಬೇಸರವೇ ಹೆಚ್ಚಾಯಿತು. ಯಾರಿಗೆ ಮದ್ದು ಬೇಕಾಗಿತ್ತೋ ಅವರಿಗೇ ಅದು ಒಗ್ಗಲಿಲ್ಲ.

ಇದಕ್ಕಿಂತ ಬೇರೆ ದಾರಿಯೂ ಇದೆ. ಕ್ಲಾಡ್ ಸ್ಟೀಲ್ ಎಂಬ ಮನೋವಿಜ್ಞಾನಿ 1988ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಕಡೆ ಪೆಟ್ಟು ಬಿದ್ದ ಮನಸ್ಸಿಗೆ, ತಾನು ನಿಜವಾಗಿ ಬೆಲೆ ಕೊಡುವ ಇನ್ನೊಂದು ಸಂಗತಿ ನೆನಪಾದರೆ ಆಸರೆ ಸಿಗುತ್ತದೆ ಎಂಬುದು ಅದರ ಸಾರ. ಅದೇ ಜಾಡಿನಲ್ಲಿ 2006ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಏಳನೆಯ ತರಗತಿಯ ಮಕ್ಕಳು ತಮಗೆ ಮುಖ್ಯವಾದ ಒಂದು ಮೌಲ್ಯದ ಬಗ್ಗೆ, ಅದು ಯಾಕೆ ಮುಖ್ಯ ಎಂದು ತಾವೇ ಬರೆದರು. ಕಪ್ಪು ಮಕ್ಕಳ ಅಂಕ ಸುಧಾರಿಸಿ ಬಿಳಿ ಮಕ್ಕಳೊಂದಿಗಿನ ಅಂತರ ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ನಂತರ ಬೇರೆ ಕಡೆ ಮಾಡಿದಾಗ ಎಲ್ಲೆಡೆ ಅಷ್ಟು ಫಲ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೆ ಅಲ್ಲಿ ಮಕ್ಕಳು ಯಾರೋ ಕಳಿಸಿದ ಹೊಗಳಿಕೆ ಓದಲಿಲ್ಲ, ತಮ್ಮ ಮಾತನ್ನೇ ಬರೆದರು.

ಇರಲಿ. ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಸೊನ್ನಲಿಗೆಗೇ ಬರೋಣ.

ಸೊಲ್ಲಾಪುರದ ಸಿದ್ಧರಾಮನ ಕಥೆಯನ್ನು ರಾಘವಾಂಕ ಕವಿ ಸಿದ್ಧರಾಮ ಚಾರಿತ್ರದಲ್ಲಿ ಹೇಳಿದ್ದಾನೆ. ಮುದ್ದುಗೌಡ, ಸುಗ್ಗವ್ವೆಯರ ಮಗ. ಚಿಕ್ಕಂದಿನಲ್ಲಿ ಮಾತಿಲ್ಲ ಕಥೆಯಿಲ್ಲ, ಜನ ಮಂಕು ಎಂದೇ ತಿಳಿದಿದ್ದರು. ದನ ಕಾಯುವಾಗ ಸಿಕ್ಕ ಮಲ್ಲಯ್ಯ ಉಣ್ಣಲು ಕೇಳಿದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಮಲ್ಲಯ್ಯ ಇಲ್ಲ! ಹುಡುಕುತ್ತ ಶ್ರೀಶೈಲದವರೆಗೆ ಹೋದ. ಅಲ್ಲಿಯೂ ಕಾಣದೆ ಕೊಳ್ಳಕ್ಕೆ ಬೀಳಲು ಹೊರಟಾಗ ಮಲ್ಲಿಕಾರ್ಜುನ ಕೈ ಹಿಡಿದ ಎನ್ನುತ್ತದೆ ಕಥೆ. ಕೈ ಹಿಡಿದವನು 'ನೀನು ಬುದ್ಧಿವಂತ' ಎಂದು ಹೊಗಳಿ ಬಿಡಲಿಲ್ಲ. ಊರಿಗೆ ಮರಳಿ ಕೆಲಸ ಮಾಡಲು ಕಳಿಸಿದ. ಮಂಕು ಎನಿಸಿಕೊಂಡವನು ಬಂದು ಕೆರೆ ಕಟ್ಟಿಸಿದ, ಗುಡಿ ಕಟ್ಟಿಸಿದ, 68 ಲಿಂಗಗಳನ್ನು ಸ್ಥಾಪಿಸಿದ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹೋಗುವ ನಾವೆಲ್ಲ ನೋಡುವ ಕೆರೆ ಅದೇ.

ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಮಾತನ್ನೂ ನೋಡಿ. 1878ರಲ್ಲಿ ಅವರು ಸಮಾಧಿಯಾದರು. ಹೆದರಬೇಡ, ನಿನ್ನ ಬೆನ್ನ ಹಿಂದೆ ನಾನಿದ್ದೇನೆ ಎಂಬ ಅಭಯ ಮಾತ್ರ ವಳಸಂಗದ ರಸ್ತೆಯಲ್ಲಿ ಓಡಾಡುವ ರಿಕ್ಷಾಗಳ ಹಿಂದೆ ಇಂದಿಗೂ ಮರಾಠಿಯಲ್ಲಿ ಕಾಣುತ್ತದೆ. ಅದು 'ನಾನು ಧೈರ್ಯವಂತ' ಎಂದು ತನಗೆ ತಾನೇ ಹೇಳಿಕೊಂಡದ್ದಲ್ಲ. ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಮಾತು.

ಇನ್ನು ಜಯದೇವಿತಾಯಿ ಲಿಗಾಡೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದವರು. ಶಾಲೆಯಲ್ಲಿ ಕಲಿತದ್ದು ಮರಾಠಿ. ಕನ್ನಡವನ್ನು ತಾವಾಗಿಯೇ ಕಲಿತು, ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು, ವಚನಗಳನ್ನು ಮರಾಠಿಗೆ ಒಯ್ದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ ಗಡಿಯಾಚೆಯ ನಮ್ಮ ಊರಿನವರು! 'ನಮಗೆ ಬರಂಗಿಲ್ಲ' ಎನ್ನುವ ನಮ್ಮ ಮಕ್ಕಳಿಗೆ ಹೇಳಬೇಕಾದ ಇತಿಹಾಸ ಇದು.

ಈಗ ಆ್ಯಪಿಗೆ ಬರೋಣ. ಈ ಇತಿಹಾಸದಿಂದ ನನಗೆ ನಾಲ್ಕು ಪ್ರಶ್ನೆ ಸಿಕ್ಕವು. ಯಾವ ಆ್ಯಪಿಗಾದರೂ ಕೇಳಿ ನೋಡಿ.

1. ಅದು ಹೇಳಿಸುವ ಮಾತನ್ನು ಮಗು ನಂಬಬಲ್ಲುದೇ?
2. ಆ ಮಾತಿನ ಹಿಂದೆ ಇವತ್ತು ಮಾಡುವ ಒಂದು ಕೆಲಸ ಇದೆಯೇ?
3. ಮಾತು ಮಗುವಿನದೇ, ಮಗುವಿನ ಮನೆಮಾತಿನಲ್ಲೇ ಇದೆಯೇ?
4. ಮಾತು ಹುಸಿಯಾದ ದಿನ ಕೈ ಹಿಡಿಯುವವರು ಯಾರು?

ಹುಡುಗಿಯ ಆ್ಯಪ್ ತೆರೆದು ನೋಡಿದೆ. ಸಾಲುಗಳೆಲ್ಲ ಇಂಗ್ಲಿಷು. ಅಣ್ಣ ಅರ್ಥ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೆಲಸದ ಸುದ್ದಿಯೇ ಇಲ್ಲ. ಸಮಯಕ್ಕೆ ಸರಿಯಾಗಿ ನೆನಪಿಸುತ್ತದೆ, ಅದೊಂದು ಗುಣ ಒಪ್ಪಿದೆ. ಉಳಿದ ಪ್ರಶ್ನೆಗಳಲ್ಲಿ ನಾಪಾಸು. ನಾಲ್ಕನೆಯದಕ್ಕಂತೂ ಯಾವ ಆ್ಯಪಿನ ಹತ್ತಿರವೂ ಉತ್ತರ ಇರಲಾರದು.

ಇಷ್ಟು ಬರೆದು ನಿಲ್ಲಿಸಿದ್ದರೆ ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. ಆದರೆ ಮರುದಿನ ಅವಳನ್ನು ಕರೆದು ಕೇಳಿದೆ, "ನಿನಗ ಗಣಿತ ಬರಂಗಿಲ್ಲ ಅಂತ ಮೊದಲ ಯಾರು ಹೇಳಿದ್ರವಾ?"

ತಲೆ ತಗ್ಗಿಸಿದಳು. "ಸರ… ಏಳನೇತ್ತಾದಾಗ ಇದ್ದಾಗ ನೀವ ಬಾಯಾರ ಮುಂದ ಅಂದಿದ್ರಿ, ಈಕಿ ಗಣಿತದಾಗ ಕಚ್ಚಾ ಇದ್ದಾಳಂತ."

ನನಗೆ ನೆನಪೇ ಇಲ್ಲ. ಅವಳಿಗೆ ಎರಡು ವರ್ಷದಿಂದ ಮರೆತಿಲ್ಲ. ನನ್ನ ಆ ಒಂದು ಸಾಲಿಗೆ ಗಂಟು ಹಾಕಿದ ದಾರ ಬೇಕಾಗಲಿಲ್ಲ, ನೋಟಿಫಿಕೇಶನ್ ಬೇಕಾಗಲಿಲ್ಲ. ತಾನೇ ದಿನಾ ಅವಳ ಕಿವಿಯಲ್ಲಿ ಹೇಳುತ್ತ ಬಂದಿದೆ. ಆ್ಯಪಿನ ಹತ್ತು ಸಾಲು ಸೋತದ್ದು ಅದರ ಮುಂದೆ.

"ತಪ್ಪಾತವಾ, ಹಂಗ ಅನಬಾರದಿತ್ತು" ಎಂದೆ. ಆ್ಯಪ್ ಇಟ್ಟುಕೋ, ತೆಗಿ, ನಿನ್ನ ಇಷ್ಟ. ಆದರೆ ಸಾಲು ಮಾತ್ರ ನೀನೇ ಬರಿ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ ವಹಿಯ ಹಿಂದಿನ ಪುಟದಲ್ಲಿ ಬರೆದದ್ದು ಇಷ್ಟೇ: 'ಇವತ್ತು ಎರಡು ಲೆಕ್ಕ ಮಾಡ್ತೀನಿ. ತಿಳೀಲಿಲ್ಲ ಅಂದ್ರ ಕೇಳ್ತೀನಿ.' ಗಣಿತದ ಬಾಯಾರು ಊಟದ ಸುಟ್ಟಿಯಲ್ಲಿ ಹತ್ತು ನಿಮಿಷ ಕೂಡಲು ಒಪ್ಪಿದ್ದಾರೆ. ಫಲ ಏನಾಗುತ್ತದೋ ಈಗಲೇ ಹೇಳಲಾರೆ.

ಶಿಕ್ಷಕ ಬಂಧುಗಳೇ, ನಾಳೆ ಹಲಗೆಯ ಮೇಲೆ ಸುವಿಚಾರ ಬರೆಸುವ ಮುನ್ನ, ನಿನ್ನೆ ಯಾವ ಮಗುವಿನ ಬಗ್ಗೆ ಏನು ಅಂದೆವು ಎಂಬುದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. ಹಲಗೆಯ ಸಾಲನ್ನು ಸಂಜೆ ಒರೆಸುತ್ತೇವೆ. ನಮ್ಮ ಸಾಲನ್ನು ಒರೆಸುವವರು ಯಾರು?