ಕಡಲು ಬೆಟ್ಟಗಳ ಪಾಠಶಾಲೆ

ವಿದ್ಯಾರ್ಥಿಗಳನ್ನು ಕೆಲವು ದಿನ ಬೆಟ್ಟಕಾಡುಗಳಿಗೆ ಕರೆದೊಯ್ದು, ಗುಡಾರಗಳಲ್ಲಿರಿಸಿ, ಬಂಡೆ ಹತ್ತುವುದನ್ನೂ ದೋಣಿ ನಡೆಸುವುದನ್ನೂ ಕಲಿಸುವ ಪದ್ಧತಿಯು ಇಂದು ಅನೇಕ ದೇಶಗಳ ಶಾಲೆಗಳಲ್ಲಿ ರೂಢಿಗೆ ಬಂದಿದೆ. ಇದನ್ನು ರಜೆಯ ವಿನೋದವೆಂದು ಎಣಿಸುವವರು ಉಂಟು. ಆದರೆ ಈ ಪದ್ಧತಿಯ ಒಂದು ಮುಖ್ಯ ಶಾಖೆಯು ವಿನೋದದಿಂದ ಹುಟ್ಟಿದುದಲ್ಲ. ಒಂದು ರಾಜ್ಯದ ಅನ್ಯಾಯವೂ ಒಂದು ಮಹಾಯುದ್ಧದ ಸಂಕಟವೂ ಅದಕ್ಕೆ ಕಾರಣವಾದುವು. ಆ ವೃತ್ತಾಂತವನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಕುರ್ಟ್ ಹಾನ್ ಎಂಬುವರು 1886ರಲ್ಲಿ ಬರ್ಲಿನ್ ನಗರದ ಯೆಹೂದ್ಯ ಮನೆತನವೊಂದರಲ್ಲಿ ಜನಿಸಿದರು. 1918ರಲ್ಲಿ ಜರ್ಮನಿಯ ಚಾನ್ಸಲರ್ ಆಗಿದ್ದ ಬಾಡೆನ್ನಿನ ರಾಜಕುಮಾರ ಮ್ಯಾಕ್ಸ್ ಅವರ ಆಶ್ರಯದಲ್ಲಿ, 1920ರಲ್ಲಿ, ಸಾಲೆಮ್ ಎಂಬಲ್ಲಿ ಒಂದು ಶಾಲೆಯು ಸ್ಥಾಪಿತವಾಗಿ ಹಾನ್ ಅದರ ಮುಖ್ಯರಾದರು. ಪುಸ್ತಕವಿದ್ಯೆಯೊಡನೆ ದೇಹಶ್ರಮ, ಕೈಗೆಲಸ, ಪರಸೇವೆಗಳೂ ಕೂಡಿದಲ್ಲದೆ ಶಿಕ್ಷಣವು ಪೂರ್ಣವಾಗದೆಂಬುದು ಅವರ ಸಿದ್ಧಾಂತವಾಗಿತ್ತು.

1932ರ ಆಗಸ್ಟಿನಲ್ಲಿ ಪೊಟೆಂಪಾ ಎಂಬ ಹಳ್ಳಿಯಲ್ಲಿ ನಾಜಿ ಪಡೆಯವರು ಒಬ್ಬ ಕಾರ್ಮಿಕನನ್ನು ಅವನ ತಾಯಿಯ ಕಣ್ಣೆದುರಿಗೇ ಕೊಂದರು. ಹಿಟ್ಲರನು ಆ ಕೊಲೆಗಾರರ ಪಕ್ಷವನ್ನು ಬಹಿರಂಗವಾಗಿ ವಹಿಸಿದನು. ಆಗ ಹಾನ್ ತಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪತ್ರ ಬರೆದು, ಹಿಟ್ಲರನೊಡನೆ ಸಂಬಂಧವುಳ್ಳವರು ಅವನನ್ನಾಗಲಿ ಸಾಲೆಮನ್ನಾಗಲಿ ಬಿಡಬೇಕೆಂದು ತಿಳಿಸಿದರು. ಇದರ ಫಲವು ಬೇಗನೆ ಕಾಣಿಸಿತು. 1933ರ ಮಾರ್ಚಿಯಲ್ಲಿ ಅವರು ಬಂಧಿತರಾದರು. ಬ್ರಿಟನ್ನಿನ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡರ ಮಧ್ಯಸ್ಥಿಕೆಯಿಂದ ಬಿಡುಗಡೆಯಾಗಿ, ಅದೇ ವರ್ಷ ದೇಶವನ್ನು ತೊರೆದರು. ಮರುವರ್ಷ ಸ್ಕಾಟ್ಲೆಂಡಿನ ಉತ್ತರ ತೀರದಲ್ಲಿ ಗಾರ್ಡನ್‌ಸ್ಟನ್ ಶಾಲೆಯನ್ನು ತೆರೆದರು. ಅಲ್ಲಿಯ ಹುಡುಗರು ಹಡಗುಗಳ ಕ್ಷೇಮಕ್ಕಾಗಿ ಕರಾವಳಿಯ ಕಾವಲನ್ನೂ ನಡೆಸುತ್ತಿದ್ದರು.

ಎರಡನೆಯ ಮಹಾಯುದ್ಧದಲ್ಲಿ ಶಾಲೆಯು ವೇಲ್ಸಿಗೆ ಸ್ಥಳಾಂತರವಾಯಿತು. ಆ ಸಮಯದಲ್ಲಿ ಜರ್ಮನ್ ಜಲಾಂತರ್ನೌಕೆಗಳು ಅಟ್ಲಾಂಟಿಕ್ ಸಾಗರದಲ್ಲಿ ವ್ಯಾಪಾರದ ಹಡಗುಗಳನ್ನು ಮುಳುಗಿಸುತ್ತಿದ್ದುವು. ಬ್ಲೂ ಫನಲ್ ಹಡಗು ಸಂಸ್ಥೆಯ ಲಾರೆನ್ಸ್ ಹೋಲ್ಟರಿಗೆ ಒಂದು ಸಂಗತಿಯು ಮನಸ್ಸನ್ನು ಬಾಧಿಸಿತು: ಪ್ರಾಣರಕ್ಷಕ ದೋಣಿಗಳಲ್ಲಿ ದೃಢಕಾಯರಾದ ತರುಣರು ಎದೆಗುಂದುವರು, ಹಾಯಿಹಡಗುಗಳಲ್ಲಿ ಪಳಗಿದ ವೃದ್ಧ ನಾವಿಕರು ತಾಳಿ ಉಳಿಯುವರು. ಕೊರತೆಯಿದ್ದುದು ತೋಳ್ಬಲದಲ್ಲಲ್ಲ, ಆತ್ಮವಿಶ್ವಾಸದಲ್ಲಿ ಎಂದು ಅವರು ಭಾವಿಸಿದರು.

ಹೀಗೆ ಹೋಲ್ಟರ ಧನವೂ ಹಾನರ ಧ್ಯೇಯವೂ ಕೂಡಿ, 1941ರಲ್ಲಿ ವೇಲ್ಸಿನ ಆಬರ್‌ಡವಿಯಲ್ಲಿ 'ಔಟ್‌ವರ್ಡ್ ಬೌಂಡ್' ಶಾಲೆಯು ಆರಂಭವಾಯಿತು. ಬಂದರನ್ನು ಬಿಟ್ಟು ಹೊರಟ ಹಡಗಿಗೆ ನಾವಿಕರು ಹೇಳುವ ಮಾತು ಅದು. ಶಿಕ್ಷಣದ ಅವಧಿ 26 ದಿನಗಳು. ಹಡಗಿನ ಉಮೇದುವಾರರು, ಕಾರ್ಖಾನೆಯ ಹುಡುಗರು, ಶಾಲೆಯ ಬಾಲಕರು ಒಂದೇ ತಂಡದಲ್ಲಿ ಸೇರಿ ದೋಣಿ ನಡೆಸಿದರು, ಬೆಟ್ಟಗಳನ್ನು ದಾಟಿದರು, ಅಪಾಯದಲ್ಲಿದ್ದವರನ್ನು ಉಳಿಸುವ ಕ್ರಮವನ್ನು ಕಲಿತರು. ಕಡಲು ಅಲ್ಲಿ ಕಲಿಕೆಯ ಗುರಿಯಲ್ಲ, ಸಾಧನ. ಯುದ್ಧವು ಮುಗಿದ ಮೇಲೂ ಶಾಲೆಯು ಮುಚ್ಚಲಿಲ್ಲ. 1946ರಲ್ಲಿ ಒಂದು ಟ್ರಸ್ಟ್ ಏರ್ಪಟ್ಟು ಈ ಪದ್ಧತಿಯು ಕ್ರಮೇಣ ಇತರ ಖಂಡಗಳಿಗೂ ಹಬ್ಬಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಹಾನರನ್ನು ಹೊರಗಟ್ಟಿದ ಜರ್ಮನಿಯೂ ತನ್ನ ಬಾಲಕರನ್ನು ಬೆಟ್ಟಗಳಿಗೆ ಕರೆದೊಯ್ಯುತ್ತಿತ್ತು. 1936ರ ಕಾನೂನು ಆ ದೇಶದ ತರುಣರೆಲ್ಲರನ್ನೂ ಹಿಟ್ಲರ್ ಯುವಕ ದಳಕ್ಕೆ ಸೇರಿಸಲು ವಿಧಿಸಿತು. ಅಲ್ಲಿಯೂ ಗುಡಾರಗಳಿದ್ದುವು, ದೀರ್ಘ ನಡಿಗೆಯಿತ್ತು, ಕಷ್ಟಸಹಿಷ್ಣುತೆಯ ಅಭ್ಯಾಸವಿತ್ತು. ಹಾಗಾದರೆ ಭೇದವೆಲ್ಲಿ? ಒಂದೆಡೆ ಬಾಲಕನ ಬಲವನ್ನು ಬೆಳೆಸಿದುದು ಆಜ್ಞಾಪಾಲನೆಗೆ, ಯುದ್ಧಕ್ಕೆ. ಮತ್ತೊಂದೆಡೆ ಅಪರಿಚಿತನ ಪ್ರಾಣವನ್ನುಳಿಸುವ ಹೊಣೆಗೆ. ಬೆಟ್ಟವು ತಾನಾಗಿ ಯಾರನ್ನೂ ಸಜ್ಜನನನ್ನಾಗಿ ಮಾಡಲಾರದು.

ಆದುದರಿಂದ ನಮ್ಮ ಮಕ್ಕಳನ್ನು ಇಂತಹ ಶಿಬಿರಗಳಿಗೆ ಕಳುಹಿಸುವಾಗ, ಅವರು ಎಷ್ಟು ಎತ್ತರ ಹತ್ತಿದರೆಂಬುದನ್ನು ಮಾತ್ರ ವಿಚಾರಿಸಿದರೆ ಸಾಲದು. ದಾರಿಯಲ್ಲಿ ಹಿಂದೆ ಬಿದ್ದವನಿಗಾಗಿ ನಿಂತರೋ ಇಲ್ಲವೋ ಎಂಬುದನ್ನೂ ಕೇಳಬೇಕು. ಆ ಶಾಲೆಯು ಹುಟ್ಟಿದುದು ಈ ಎರಡನೆಯ ಪ್ರಶ್ನೆಗಾಗಿ.